ಹೊಸ ಗಾಡಿ ಎಲ್ಲಾ ಒಂದೇ ಥರ ಯಾಕ್ ಕಾಣ್ತವೆ? ದಾವಣಗೆರೆ–ದುರ್ಗದ ಗಾಡಿ ಹುಚ್ಚರ ಚರ್ಚೆ

ಕೆಎ17 ಸೆಡಾನ್:
ಒಂದ್ ಮಾತ್ ಕೇಳ್ತೀನಿ, ಬೈಬೇಡ್ರಿ. ಈಗ ಬರ್ತಿರೋ ಯಾವ್ದಾದ್ರೂ ನಾಕು ಹೊಸ ಗಾಡಿ ಬ್ಯಾಡ್ಜ್ ಮುಚ್ಚಿ ಸಾಲಾಗಿ ನಿಲ್ಸಿದ್ರೆ ಯಾವ್ದು ಯಾವ ಕಂಪನಿದು ಅಂತ ಹೇಳೋಕಾಗುತ್ತಾ? ಬಾನೆಟ್ ಅಂಚಲ್ಲಿ ತೆಳ್ಳಗೆ ಒಂದು ಎಲ್‌ಇಡಿ ಗೆರೆ, ಹೆಡ್‌ಲೈಟ್ ಕೆಳಗೆ ಬಂಪರಿಗೆ ಇಳಿದಿರುತ್ತೆ, ಚಕ್ರದ ಸುತ್ತ ಕರೀ ಪ್ಲಾಸ್ಟಿಕ್ಕು, ಹಿಂದೆ ಈ ಮೂಲೆಯಿಂದ ಆ ಮೂಲೆವರೆಗೆ ಕೆಂಪು ಲೈಟಿನ ಪಟ್ಟಿ, ಮೇಲೆ ರೂಫ್ ರೈಲು ಬೇರೆ, ಅದ್ರ ಮೇಲೆ ಒಂದ್ ಟವಲ್ ಒಣಗಾಕೋಕೂ ಬರಲ್ಲ. ಮದುವೆ ಹಿಂದಿನ ದಿನ ಊರಿನ ಹುಡುಗ್ರೆಲ್ಲಾ ಒಂದೇ ಸಲೂನಿಗೆ ಹೋಗಿ ಬಂದಂಗಿದಾವೆ. ಬಲೆನೋನ ಎತ್ತರಿಸಿ ಫ್ರಾಂಕ್ಸ್ ಅಂದ್ರು, ಅದಕ್ಕೇ ಬೇರೆ ಮೂತಿ ಹಾಕಿ ಟೊಯೊಟಾ ಟೈಸರ್ ಅಂತ ಮಾರ್ತಿದಾರೆ, ನಾವು ಎರಡಕ್ಕೂ ಕ್ಯೂ ನಿಂತಿದೀವಿ. ನಂದು ಹಳೇ ಹೋಂಡಾ ಸಿಟಿ, ಇನ್ನೂ ಚೆನ್ನಾಗೇ ಐತೆ. ಬದಲಾಯಿಸೋಣ ಅಂತ ಶೋರೂಮಿಗೆ ಹೋದ್ರೆ ಸೇಲ್ಸ್ ಹುಡುಗ ಸೆಡಾನ್, ಅಂದ್ರೆ ಹಿಂದೆ ಬೇರೆ ಡಿಕ್ಕಿ ಇರೋ ತಗ್ಗು ಕಾರು, ತೋರ್ಸೋಕೇ ರೆಡಿ ಇಲ್ಲ, "ಸರ್ ಎಸ್‌ಯುವಿ ನೋಡಿ ಸರ್" ಅಂತ ಕೈ ಹಿಡ್ಕೊಂಡು ಎಳೀತಾನೆ. ಕಾರ್ ಪ್ರೀತ್ಸೋರು ಅಂತ ಹೇಳ್ಕೊಳೋ ನಾವು ಇದನ್ನ ಯಾಕ್ ಸುಮ್ನೆ ಒಪ್ಕೊಂಡ್ವಿ?

ದುರ್ಗದ ಡೀಸೆಲ್:
ಅಣ್ಣಾ ಆ ಹುಡುಗಂದೇನೂ ತಪ್ಪಿಲ್ಲ, ಡಿಸೈನರ್ ತಪ್ಪೂ ಪೂರ್ತಿ ಅಲ್ಲ. ಇದು ಟೇಪು ಹಿಡ್ಕೊಂಡು ಮಾಡಿರೋ ಗಾಡಿ. 2006ರ ಬಜೆಟ್ಟಲ್ಲಿ ಉದ್ದ ನಾಕು ಮೀಟರ್ ಒಳಗಿದ್ದು ಪೆಟ್ರೋಲ್ ಆದ್ರೆ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ ದಾಟದೇ ಇದ್ರೆ ಎಕ್ಸೈಸ್ ಟ್ಯಾಕ್ಸ್ ಕಮ್ಮಿ ಅಂದ್ರು. ಅವತ್ತಿಂದ ಶುರುವಾಗಿದ್ದು. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್, ನಿಮ್ಮ ಫ್ರಾಂಕ್ಸ್, ಎಲ್ಲದರ ಉದ್ದ ತೆಗೆದು ನೋಡಿ, 3995 ಎಂಎಂ. ಒಂದಲ್ಲ ಎರಡಲ್ಲ, ಎಲ್ಲಾ ಅದೇ 3995. ಐದು ಎಂಎಂ ಬಿಟ್ಟು ಕತ್ತರಿಸಿದಾರೆ. ಈಗ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದ ಮೇಲೆ ಆ ಗೆರೆ ಇನ್ನೂ ದಪ್ಪ ಆಯ್ತು, ಒಳಗಿದ್ರೆ 18 ಪರ್ಸೆಂಟು, ಹೊರಗೆ ಹೋದ್ರೆ 40. ಅದ್ರ ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸು, ಹತ್ತು ಲಕ್ಷ ದಾಟಿದ್ರೆ 17 ಪರ್ಸೆಂಟು. ಇಷ್ಟೆಲ್ಲಾ ಇಟ್ಕೊಂಡು ನಾಕು ಮೀಟರ್ ಡಬ್ಬದೊಳಗೆ ಐದು ಜನ, ಅವ್ರ ಲಗೇಜು, ಅಪಘಾತದಲ್ಲಿ ಮುದುಡೋಕೆ ಬೇಕಾಗೋ ಮೂತಿ ಎಲ್ಲಾ ತುಂಬಬೇಕು ಅಂದ್ರೆ ಉದ್ದ ಸಿಗಲ್ಲ, ಮೇಲಕ್ಕೇ ಬೆಳೀಬೇಕು. ಬೇರೆ ಬೇರೆ ಕಾಣ್ಲಿ ಅಂದ್ರೆ ಹೆಂಗ್ ಕಾಣ್ತವೆ?

ಕೆಎ17 ಸೆಡಾನ್:
@ದುರ್ಗದ ಡೀಸೆಲ್ ಸರಿ, ಟ್ಯಾಕ್ಸ್ ಒಪ್ಕೊಂಡೆ. ಆದ್ರೆ ಕ್ರೆಟಾ 4.3 ಮೀಟರ್ ಐತಲ್ಲ, ಅದು 40ರ ಪೈಕಿನೇ, ಅದ್ಯಾಕ್ ಹಂಗೇ ಐತೆ? ಅದಕ್ಕೆ ಯಾವ ಟೇಪು ಅಡ್ಡ ಬಂತು?

ದುರ್ಗದ ಡೀಸೆಲ್:
ಅದು ಫ್ಯಾಷನ್ನು ಬಿಡಿ. ಅದಕ್ಕೆ ನನ್ ಹತ್ರ ಉತ್ತರ ಇಲ್ಲ 😄

ವಿದ್ಯಾನಗರ ಶ್ರೀ:
ಇಲ್ಲಿ ಬರೀ ಗಂಡಸ್ರೇ ಮಾತಾಡ್ತಿದೀರಿ ಅಂತ ನಾನೂ ಬರ್ದೆ. ನಾನು ದಿನಾ ವಿದ್ಯಾನಗರದಿಂದ ಹರಿಹರಕ್ಕೆ ಡ್ಯೂಟಿಗೆ ಹೋಗ್ತೀನಿ, ಟಾಟಾ ಪಂಚ್ ಎಎಂಟಿ, ತಾನೇ ಗೇರ್ ಬದಲಾಯಿಸೋದು. 2024ರಲ್ಲಿ ಇಡೀ ದೇಶದಲ್ಲಿ ಜಾಸ್ತಿ ಮಾರಾಟ ಆದ ಕಾರು ಅದೇ, ಅಷ್ಟೂ ಜನ ದಡ್ಡರು ಅಂತ ಅಂದ್ಕೋಬೇಡಿ. ನಮ್ಮತ್ತೆಗೆ ಎರಡೂ ಮೊಣಕಾಲು ನೋವು, ನಿಮ್ಮ ಸಿಟಿ ಥರ ಕಾರಲ್ಲಿ ಅವ್ರನ್ನ ಕೂರ್ಸೋದು ಅಂದ್ರೆ ಮೊದ್ಲು ಬಾಗ್ಸಬೇಕು, ಆಮೇಲೆ ತಲೆ ಹಿಡೀಬೇಕು, ಇಳಿಯುವಾಗ ಇಬ್ರು ಎಳೀಬೇಕು. ಪಂಚಲ್ಲಿ ಬಾಗಿಲು ಪೂರ್ತಿ ತೊಂಬತ್ತು ಡಿಗ್ರಿ ತೆಗೆಯುತ್ತೆ, ಸೀಟು ಅವ್ರ ಸೊಂಟದ ಎತ್ತರಕ್ಕೇ ಇರುತ್ತೆ, ಸೀರೆ ನೆರಿಗೆ ಹಿಡ್ಕೊಂಡು ಹಂಗೇ ಹಿಂದಕ್ಕೆ ಕೂತು ಕಾಲು ಒಳಗೆ ತಿರುಗಿಸ್ಕೊಂತಾರೆ, ಆಯ್ತು. ಇನ್ನು ಹಂಪು. ನಮ್ಮ ಬಡಾವಣೆಗಳಲ್ಲಿ ಒಬ್ಬೊಬ್ರು ಮನೆ ಮುಂದೆ ಒಂದೊಂದು ಹಾಕ್ಕೊಂಡಿದಾರೆ, ಮೇಲೆ ಬಿಳಿ ಪಟ್ಟೆ ಇಲ್ಲ, ಮುಂಚೆ ಬೋರ್ಡಿಲ್ಲ. 187 ಎಂಎಂ ಗ್ರೌಂಡ್ ಕ್ಲಿಯರೆನ್ಸ್ ನನಗೆ ಶೋಕಿ ಅಲ್ಲ. ರೋಡು ಸರಿ ಮಾಡ್ಸಿ, ನಾಳೆನೇ ಸೆಡಾನ್ ತಗೋತೀನಿ.

ಕೆಎ17 ಸೆಡಾನ್:
ಮೇಡಂ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ತಗೊಂಡೋರಿಗೆ ಬೈತಿಲ್ಲ, ಮಾಡೋರಿಗೆ ಬೈತಿರೋದು. ಹಂಪಿಗೋಸ್ಕರ ಎತ್ತರ ಮಾಡಿ, ಯಾರ್ ಬೇಡ ಅಂದ್ರು. ಎತ್ತರ ಮಾಡಿದ ತಕ್ಷಣ ಜಾಹೀರಾತಲ್ಲಿ ಹೊಳೆ ದಾಟ್ಸೋದು, ಬೆಟ್ಟ ಹತ್ಸೋದು, ಮರಳಲ್ಲಿ ಧೂಳೆಬ್ಸೋದು ಯಾಕೆ? ಎಂಜಿನ್ ಮುಂದಿನ ಚಕ್ರ ಮಾತ್ರ ತಿರುಗಿಸೋ ಗಾಡಿ ಅದು.

ಥಾರ್ ತಮ್ಮ:
ಅದಕ್ಕೇ ಥಾರ್ ತಗೊಳಿ ಅನ್ನೋದು 🔥 ನಿಜವಾದ ಗಾಡಿ. ದುರ್ಗದ ಜೋಗಿಮಟ್ಟಿ ಬೆಟ್ಟದ ಏರು ಸೆಕೆಂಡ್ ಗೇರಲ್ಲಿ ನಗ್ತಾ ಹತ್ತುತ್ತೆ. ನಂದಕ್ಕೆ ಮುಂದೆ ಸ್ಟೀಲ್ ಬಂಪರ್ರು, ಮೇಲೆ ಲೈಟ್ ಬಾರು ಹಾಕ್ಸಿದೀನಿ, ರಾತ್ರಿ ಹೈವೇಲಿ ಎದುರಿಗೆ ಬರೋರು ತಾವಾಗೇ ಪಕ್ಕಕ್ಕೆ ಹೋಗ್ತಾರೆ.

ಹತ್ತು ಚಕ್ರ:
ತಮ್ಮಾ ಪಕ್ಕಕ್ಕೆ ಹೋಗ್ತಿರೋದು ಗೌರವಕ್ಕಲ್ಲ, ಕಣ್ಣು ಕಾಣದೆ ಹೋಗ್ತಿರೋದು. ಆ ಲೈಟ್ ಹಾಕ್ಕೊಂಡು ನಮ್ಮ ಹುಡುಗ್ರ ಎದುರಿಗೆ ಬಂದ್ರೆ, ಹಿಂದೆ ಹದಿನೆಂಟು ಟನ್ ಮೆಕ್ಕೆಜೋಳ ಇರುತ್ತೆ ಲಾರೀಲಿ, ಅವ್ನು ಬ್ರೇಕ್ ಹೊಡೆದ್ರೂ ನೀನು ಅಂದ್ಕೊಂಡ ಜಾಗದಲ್ಲಿ ನಿಲ್ಲಲ್ಲ.

ಪಾನಾ ಹನ್ನೆರಡು:
@ಥಾರ್ ತಮ್ಮ ಮುಂದಿನ ಸ್ಟೀಲ್ ಬಂಪರ್ರು ಅಂದ್ಯಲ್ಲ, ಅದೇ ಬುಲ್ ಬಾರು, ಅದನ್ನ ಕೇಂದ್ರ ಸರ್ಕಾರ 2017ರ ಡಿಸೆಂಬರಲ್ಲೇ ಬೇಡ ಅಂದೈತೆ. ಪೊಲೀಸ್ ಫೈನು ಬಿಡು, ಮುಂದಿನ ಏರ್‌ಬ್ಯಾಗ್ ಸೆನ್ಸರ್ ಇರೋದೇ ಆ ಬಂಪರ್ ಹಿಂದೆ. ಕಂಪನಿ ಲೆಕ್ಕ ಹಾಕಿರೋದು ಅದ್ರ ಒರಿಜಿನಲ್ ಬಂಪರು ಹೆಂಗೆ ಮುದುಡುತ್ತೆ ಅನ್ನೋದ್ರ ಮೇಲೆ. ನೀನು ದಪ್ಪ ಪೈಪು ನೇರ ಚಾಸಿಗೆ ಬೋಲ್ಟ್ ಹೊಡ್ದಿದೀಯ, ಡಿಕ್ಕಿ ಆದ್ರೆ ಏಟು ಎಲ್ಲಿಗೆ ಹೋಗುತ್ತೆ ನೀನೇ ಯೋಚ್ನೆ ಮಾಡು. ಬಿಚ್ಚಿಸ್ಬೇಕು ಅಂದ್ರೆ ಬಾ, ಕೂಲಿ ತಗೊಳಲ್ಲ.

ಇನ್ನು ಮೇಲಿನ ಜಗಳಕ್ಕೆ. ಗ್ಯಾರೇಜಲ್ಲಿ ಜಾಕಿ ಮೇಲೆ ಏರಿಸಿದಾಗ ಎಲ್ಲಾ ಗೊತ್ತಾಗುತ್ತೆ. ಬೊಲೆರೋ ಎತ್ತಿದ್ರೆ ಮುಂದಿಂದ ಹಿಂದಕ್ಕೆ ಎರಡು ಉದ್ದ ಕಬ್ಬಿಣದ ಪಟ್ಟಿ ಕಾಣ್ತವೆ, ಅದೇ ಚಾಸಿ, ಮೇಲಿನ ಬಾಡಿ ರಬ್ಬರ್ ಮೌಂಟ್ ಮೇಲೆ ಬೋಲ್ಟಲ್ಲಿ ಕೂತಿರುತ್ತೆ, ಹಿಂದೆ ಕಮಾನು ಪ್ಲೇಟು. ಕ್ರಾಸ್‌ಓವರ್, ಅಂದ್ರೆ ಎಸ್‌ಯುವಿ ಥರ ಎತ್ತರಿಸಿದ ಕಾರು, ಎತ್ತಿದ್ರೆ ಬೇರೆ ಚಾಸಿ ಅನ್ನೋದೇ ಇಲ್ಲ, ಬಾಡಿ ತಗಡೇ ಚಾಸಿ, ಮುಂದೆ ಎಂಜಿನ್ ಹಿಡ್ಕೊಳೋಕೆ ಒಂದು ಸಬ್‌ಫ್ರೇಮು, ಹಿಂದಿನ ಎರಡು ಚಕ್ರಕ್ಕೆ ಸೇರಿ ಒಂದು ಬೀಮು. ಇದು ಕೆಟ್ಟದ್ದಲ್ಲ ನೋಡಿ, ಹಗುರ ಇರುತ್ತೆ, ತಿರುವಲ್ಲಿ ಅಷ್ಟು ವಾಲಲ್ಲ, ಮೈಲೇಜ್ ಬರುತ್ತೆ, ಡಿಕ್ಕಿ ಆದ್ರೆ ಮುದುಡಿ ಒಳಗಿನೋರನ್ನ ಉಳಿಸುತ್ತೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೇಲಿ ನಮ್ಮ ದೇಶದ ಗಾಡಿಗಳ ಪೈಕಿ ಮೊದಲು ಐದು ಸ್ಟಾರ್ ತಗೊಂಡಿದ್ದು ನೆಕ್ಸಾನ್ನೇ. ಆದ್ರೆ ಹೊಲದ ಬದು ಹತ್ಸೋಕೆ, ಒಂದು ಚಕ್ರ ಗಾಳೀಲಿ ನೇತಾಡುವಂಗೆ ದಿನಾ ಓಡ್ಸೋಕೆ ಮಾಡಿದ್ದಲ್ಲ. ಹಂಗೆ ಓಡ್ಸೋರ ಗಾಡಿ ಎರಡೇ ವರ್ಷಕ್ಕೆ ಬಾಗಿಲು ಕಿರ್ ಅನ್ನುತ್ತೆ, ಮುಂದಿನ ಚಕ್ರ ಹಿಡಿಯೋ ಲೋವರ್ ಆರ್ಮಿನ ರಬ್ಬರ್ ಬುಷ್ಷು ಹೋಗಿರುತ್ತೆ.

ಇನ್ನೊಂದು ಯಾರೂ ನೋಡಲ್ಲ. ಟೈರು. ಹಳೇ ಸ್ವಿಫ್ಟಿಂದು 165/80 ಅಂತಿದ್ರೆ ಅಗಲ 165 ಎಂಎಂ, ಟೈರಿನ ಗೋಡೆ ಎತ್ತರ ಅದ್ರ 80 ಪರ್ಸೆಂಟು, 132 ಎಂಎಂ. ಈಗಿನ ದೊಡ್ಡ ಅಲಾಯ್ ಶೋಕಿ ಗಾಡಿಗೆ 215/55 ಬರುತ್ತೆ, ಗುಣಿಸಿ ನೋಡಿ, 118. ಗಾಡಿ ದಪ್ಪ ಆಯ್ತು, ಟೈರು ಗಿಡ್ಡ ಆಯ್ತು. ಹೈವೇ ಸರ್ವಿಸ್ ರೋಡಿನ ಗುಂಡಿಗೆ ಇಳಿಸಿದ್ರೆ ಗೋಡೆ ಸೀಳಿ ಬರೋದು ಇಂಥವೇ. ಪಂಚರ್ ಆಗಿದ್ರೆ ಹಾಕ್ಬೋದು, ಗೋಡೆ ಸೀಳಿದ್ರೆ ಟೈರೇ ಹೊಸದು.

ಚನ್ನಗಿರಿ ತೋಟ:
ಪಾನಾ ಅಣ್ಣ ಹೇಳಿದ್ದು ಓದಿ ಖುಷಿ ಆಯ್ತು. ನೀವೆಲ್ಲಾ ಎಸ್‌ಯುವಿ ಅಸಲಿಯೋ ನಕಲಿಯೋ ಅಂತ ಕಿತ್ತಾಡ್ತಿದೀರಿ, ನಿಜವಾಗಿ ದುಡಿಯೋ ಗಾಡಿ ಬಗ್ಗೆ ಒಬ್ರೂ ಮಾತಾಡ್ತಿಲ್ಲ. ನಮ್ದು ಬೊಲೆರೋ ಕ್ಯಾಂಪರ್, ಮುಂದೆ ಐದು ಜನ, ಹಿಂದೆ ತೊಟ್ಟಿ. ಬೆಳಿಗ್ಗೆ ಆಳುಗಳನ್ನ ಕರ್ಕೊಂಡು ತೋಟಕ್ಕೆ, ಬರುವಾಗ ಹಸಿ ಅಡಿಕೆ ಗೊನೆ, ಮಧ್ಯಾಹ್ನ ಗೊಬ್ಬರ, ಡ್ರಿಪ್ ಪೈಪು, ಸಂಜೆ ಯಾರ್ದಾದ್ರೂ ಮದುವೆ ಊಟದ ಪಾತ್ರೆ. ಈಗ ಮಗ ಇಸುಝು ವಿ-ಕ್ರಾಸ್ ತಗೊಳೋಣ ಅಂತ ಹಠ ಹಿಡ್ದಿದಾನೆ, ಇನ್ನೊಬ್ಬ ನೆಂಟ್ರು ಹೈಲಕ್ಸ್ ಅಂತಾರೆ. ಹೈಲಕ್ಸ್ ನೋಡಿದೆ, ಗಾಡಿ ಭಾರೀ ಚೆಂದ, ಫಾರ್ಚುನರ್ ಕೆಳಗಿರೋ ಪ್ಲಾಟ್‌ಫಾರ್ಮೇ ಅದು. ಆದ್ರೆ ಸುಮಾರು 5.3 ಮೀಟರ್ ಉದ್ದ! ನಮ್ಮ ತೋಟದ ದಾರೀಲಿ ಒಂದ್ಸಲ ಒಳಗೆ ಹೋದ್ರೆ ರಿವರ್ಸಲ್ಲೇ ಬರ್ಬೇಕು. ಆಮೇಲೆ ಅಷ್ಟು ದುಡ್ಡು ಕೊಟ್ಟ ಗಾಡಿ ತೊಟ್ಟಿಗೆ ಅಡಿಕೆ ಗೊನೆ ಎಸೆಯೋಕೆ ಮನಸ್ ಬರುತ್ತಾ? ಚೊಗರು ಬಿದ್ರೆ ಕಲೆ ಹೋಗಲ್ಲ.

ಟೆಕ್ಸಾಸಿನ ಹರಿಹರದೋನು:
ತೋಟದ ಅಣ್ಣ ಹೇಳಿದ್ದೇ ಇಲ್ಲಿ ಊರ ತುಂಬ ನಡೀತಿರೋದು. ಇಲ್ಲಿ ಪ್ರತಿ ಎರಡನೇ ಮನೆ ಮುಂದೆ ಫೋರ್ಡ್ ಎಫ್-150 ಥರದ್ದು ಒಂದು ದೊಡ್ಡ ಪಿಕಪ್ ನಿಂತಿರುತ್ತೆ, ಬಾನೆಟ್ ನನ್ನೆದೆ ಮಟ್ಟಕ್ಕೆ ಬರುತ್ತೆ, ಹಿಂದಿನ ತೊಟ್ಟೀಲಿ ಒಂದ್ ಗೀರು ಇರಲ್ಲ. ಕ್ಯಾಬಿನ್ ಉದ್ದ ಆಗ್ತಾ ಹೋಯ್ತು, ತೊಟ್ಟಿ ಐದೂವರೆ ಅಡಿಗೆ ಇಳೀತು. ಇಲ್ಲೂ ಹಿಂದಿರೋದು ನಿಮ್ಮ 3995 ಥರದ್ದೇ ಕಾನೂನು. 1964ರಿಂದ ಹೊರದೇಶದ ಸಣ್ಣ ಟ್ರಕ್ಕಿಗೆ 25 ಪರ್ಸೆಂಟ್ ಸುಂಕ, ಅದಕ್ಕೆ ಹೊರಗಿಂದ ಸಣ್ಣ ಪಿಕಪ್ ತರಿಸೋದು ದುಬಾರಿ ಆಯ್ತು. ಆಮೇಲೆ ಮೈಲೇಜ್ ನಿಯಮ ಗಾಡಿ ನೆಲದ ಮೇಲೆ ಹಿಡಿಯೋ ಜಾಗದ ಲೆಕ್ಕದಲ್ಲಿ ಮಾಡಿದ್ರು, ದೊಡ್ಡ ಗಾಡಿಗೆ ಸಡಿಲ ನಿಯಮ. ಹಂಗಾಗಿ ಅಲ್ಲಿ ಎಲ್ಲಾ ನಾಕು ಮೀಟರ್ ಒಳಗೆ ಕುಗ್ಗಿದ್ವು, ಇಲ್ಲಿ ಎಲ್ಲಾ ಊದ್ಕೊಂಡ್ವು. ಫೋರ್ಡಂತೂ 2018ರಲ್ಲಿ ಇಲ್ಲಿ ಸೆಡಾನ್ ಮಾರೋದೇ ನಿಲ್ಲಿಸ್ತೀವಿ ಅಂತ ಹೇಳ್ಬಿಡ್ತು. ಸೆಡಾನ್ ಅಣ್ಣ, ನೀವು ಒಬ್ರೇ ಅಳ್ತಿಲ್ಲ.

ದುರ್ಗದ ಡೀಸೆಲ್:
ಟಾಟಾದ ಹೊಸ ಸಿಯೆರಾ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ವಲ್ಲ? 1991ರದ್ದು ಮೂರು ಬಾಗಿಲಿನ ಗಾಡಿ, ಟಾಟಾ ಪಿಕಪ್ ಚಾಸಿ ಮೇಲೆ ಕಟ್ಟಿದ್ದು, ಹಿಂದೆ ಬಗ್ಗಿದ ದೊಡ್ಡ ಗಾಜು. 2025ರ ನವೆಂಬರಲ್ಲಿ ಅದೇ ಹೆಸರಲ್ಲಿ ಬಂದಿದ್ದು ಐದು ಬಾಗಿಲು, ಬೇರೆ ಚಾಸಿ ಇಲ್ಲ, ಬಿಟ್ಟಾಗ 4x4ನೂ (ಎಂಜಿನ್ ನಾಕೂ ಚಕ್ರ ತಿರುಗಿಸೋದು) ಇಲ್ಲ. ಆದ್ರೂ ನೋಡೋಕೆ ಮಾತ್ರ ದೂರದಿಂದ್ಲೇ ಗೊತ್ತಾಗುತ್ತೆ ಸಿಯೆರಾ ಅಂತ. ಮೂಲ ಪ್ರಶ್ನೆ ಒಂದೇ ಥರ ಕಾಣೋದ್ರ ಬಗ್ಗೆ ಅಲ್ವಾ, ಆ ಲೆಕ್ಕದಲ್ಲಿ ಇದಕ್ಕೆ ಮಾರ್ಕ್ಸ್ ಕೊಡ್ಲೇಬೇಕು.

ಕೆಎ17 ಸೆಡಾನ್:
ಕೊಡ್ತೀನಿ ಕೊಡ್ತೀನಿ. ಆದ್ರೆ ಹಳೇ ಹೆಸರು ಇಟ್ಕೊಂಡು ನೆನಪು ಮಾರೋದೂ ಒಂದು ಧಂದೆನೇ. ನಾನು ಸೀದಾ ಹೊಸ ಡಿಸೈರ್ ಕಡೆ ನೋಡ್ತಿದೀನಿ, ಅದು ಮಾರುತಿಯ ಮೊದಲ ಐದು ಸ್ಟಾರ್ ಗಾಡಿ ಗ್ಲೋಬಲ್ ಎನ್‌ಕ್ಯಾಪಲ್ಲಿ, ಎಸ್‌ಯುವಿ ಅಲ್ಲ, ಸೆಡಾನು! ಅದೂ 3995 ಅಂತ ಹೇಳೋಕೆ ಬರ್ಬೇಡಿ, ಗೊತ್ತೈತೆ.

ಹತ್ತು ಚಕ್ರ:
ನಿಮ್ಮ ಕಾರು ಜಗಳ ಮುಗೀತಾ? ಟ್ರಕ್ ಅಂದ್ರೆ ಪಿಕಪ್ ಅಂದ್ಕೊಂಡಿದೀರಿ ಎಲ್ರೂ. 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗೈತೆ. ಇಷ್ಟು ವರ್ಷ ಚಳ್ಳಕೆರೆ ಕಡೆ ಏಪ್ರಿಲ್ ಬಿಸಿಲಲ್ಲಿ ಎಂಜಿನ್ ಶಾಖ ಕಾಲಿಗೆ ಹೊಡೀತಿತ್ತು, ಡ್ರೈವರ್ರು ಒದ್ದೆ ಟವಲ್ ಹೆಗಲ ಮೇಲೆ ಹಾಕ್ಕೊಂಡು ಓಡಿಸ್ತಿದ್ರು. ಈಗ ಮಾಲೀಕರೆಲ್ಲಾ ಡೀಸೆಲ್ ಜಾಸ್ತಿ ಕುಡಿಯುತ್ತೆ ಅಂತ ಗೊಣಗ್ತಾರೆ, ನಾನೂ ಮಾಲೀಕನೇ, ನಾನು ಗೊಣಗಲ್ಲ. ನಿದ್ದೆಗೆಟ್ಟು ಬೆವರು ಸುರಿಸ್ಕೊಂಡು ಬರೋ ಡ್ರೈವರ್ ನಿಮ್ಮ ಐದು ಸ್ಟಾರ್ ಗಾಡಿ ಹಿಂದೇನೇ ಇರ್ತಾನೆ ಹೈವೇಲಿ, ನೆನಪಿಟ್ಕೊಳಿ. ಜಿಎಸ್‌ಟಿನೂ ಲಾರಿಗೆ 28ರಿಂದ 18 ಆಯ್ತು, ಆ ಉಳಿದಿದ್ರಲ್ಲಿ ಎಸಿ ಖರ್ಚು ಹುಟ್ಟುತ್ತೆ. ದುರ್ಗದ ಬೈಪಾಸಲ್ಲಿ ಗಾಳಿಗಿರಣಿ ರೆಕ್ಕೆ ಹೊತ್ಕೊಂಡು ಹೋಗೋ ಟ್ರೈಲರ್ ನೋಡಿದೀರಲ್ಲ, ಹಿಂದಿನ ಚಕ್ರಾನೂ ಬೇರೆ ತಿರುಗಿಸ್ಕೊಂಡು ಆ ರೆಕ್ಕೆನ ಬೆಟ್ಟಕ್ಕೆ ಹತ್ತಿಸ್ತಾರೆ, ನಾನು ಗಾಡಿ ನಿಲ್ಸಿ ನೋಡ್ತೀನಿ ಪ್ರತೀ ಸಲ. ನಿಮ್ಮ ರೀಲ್ಸಿಗೆ ಅಂಥದ್ದು ಹಾಕ್ರಪ್ಪಾ.

ಥಾರ್ ತಮ್ಮ:
ಲೈಟ್ ಬಾರು ನಾಳೆ ತೆಗೆಸ್ತೀನಿ ಬಿಡ್ರಿ. ಬಂಪರ್ ಯೋಚ್ನೆ ಮಾಡ್ತೀನಿ. ಮೂರು ಬಾಗಿಲಿಂದು 1.5 ಡೀಸೆಲ್ ಥಾರೂ 18 ಪರ್ಸೆಂಟಲ್ಲೇ ಬರುತ್ತೆ ಅಂತ ಯಾರೂ ಹೇಳ್ಲಿಲ್ಲ, ಅದೂ ನಾಕು ಮೀಟರ್ ಒಳಗೇ, ಅದಕ್ಕೆ ಚಾಸಿನೂ ಐತೆ. ಟೇಪಿಂದ ಎಲ್ಲಾ ಒಂದೇ ಥರ ಆಗ್ತವೆ ಅನ್ನೋದು ಅಲ್ಲಿಗೆ ಸುಳ್ಳಾಯ್ತು ಡೀಸೆಲ್ ಅಣ್ಣಾ.

ದುರ್ಗದ ಡೀಸೆಲ್:
ಲೇ ಒಳ್ಳೇ ಪಾಯಿಂಟು. ಆದ್ರೆ ಅದ್ರಲ್ಲಿ ಎಂಜಿನ್ ತಿರುಗಿಸೋದು ಬರೀ ಹಿಂದಿನ ಚಕ್ರ, 4x4 ಬೇಕು ಅಂದ್ರೆ ದೊಡ್ಡ ಎಂಜಿನ್ನು, ಸೀದಾ 40ಕ್ಕೆ. ಮತ್ತೆ ಹಿಂದಿನ ಸೀಟಿಗೆ ಶ್ರೀ ಮೇಡಂ ಅತ್ತೆನ ಹತ್ತಿಸಿ ತೋರ್ಸು ನೋಡಾಣ.

ವಿದ್ಯಾನಗರ ಶ್ರೀ:
ನಮ್ಮತ್ತೆನ ಯಾಕ್ರೀ ಎಳೀತೀರಿ 😂

ಚನ್ನಗಿರಿ ತೋಟ:
ಪಾನಾ ಅಣ್ಣಾ, ಕ್ಯಾಂಪರ್ರೇ ಇಟ್ಕೊಳೋದು ಅಂತ ಮನೇಲಿ ಹೆಚ್ಚುಕಮ್ಮಿ ತೀರ್ಮಾನ ಆಗೈತೆ. ಯೆಲ್ಲೋ ಬೋರ್ಡು, ಎಂಟು ವರ್ಷ ದಾಟೈತೆ, ವರ್ಷಾ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು) ಕಿರಿಕಿರಿ ಒಂದು ಬಿಟ್ರೆ ಏನೂ ತೊಂದ್ರೆ ಇಲ್ಲ. ಖಾಲಿ ಇದ್ದಾಗ ಮಾತ್ರ ಹಿಂದೆ ಎತ್ತೆತ್ತಿ ಹಾಕುತ್ತೆ, ಹೆಂಗಸ್ರು ಬೈತಾರೆ. ಕಮಾನು ಪ್ಲೇಟ್ ಒಂದು ತೆಗೆಸ್ಬೋದಾ?

ಪಾನಾ ಹನ್ನೆರಡು:
ತೆಗೆಸ್ಬೇಡಿ. ಲೋಡ್ ಹಾಕಿದ ದಿನ ಉಳಿದ ಪ್ಲೇಟ್ ಕಟ್ ಆಗ್ತವೆ. ಮೊದ್ಲು ಹಿಂದಿನ ಟೈರಲ್ಲಿ ಗಾಳಿ ಎಷ್ಟೈತೆ ನೋಡಿ, ಎಲ್ರೂ ಲೋಡಿನ ಗಾಳಿ ತುಂಬ್ಸಿ ಹಂಗೇ ಖಾಲಿ ಓಡಿಸ್ತಾರೆ, ಅರ್ಧ ಎತ್ತಾಟ ಅದ್ರಿಂದ್ಲೇ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಐತೆ. ಆಮೇಲೆ ಪ್ಲೇಟಿನ ತುದಿ ಹಿಡಿಯೋ ಶ್ಯಾಕಲ್ಲಿನ ಬುಷ್ಷು ನೋಡ್ಸಿ, ಪ್ಲೇಟಿನ ಮಧ್ಯೆ ಗ್ರೀಸ್ ಹಾಕ್ಸಿ. ಅದೆಲ್ಲಾ ಆದ್ಮೇಲೂ ಎತ್ತಿದ್ರೆ ಶಾಕ್ ಅಬ್ಸಾರ್ಬರ್ ಹೋಗಿರುತ್ತೆ, ಜೋಡಿ ಹಾಕ್ಸಿ, ಒಂದೊಂದೇ ಹಾಕ್ಸಬೇಡಿ. ಭಾನುವಾರ ಬಿಟ್ಟು ಯಾವತ್ತಾದ್ರೂ ತಗೊಂಬನ್ನಿ, ತೊಟ್ಟೀಲಿ ಸಾಮಾನಿದ್ರೆ ಇಳಿಸ್ಕೊಂಡೇ ಬನ್ನಿ.