ಗಹುಂಜೆಗೆ ಅಪ್ಪನ ಜೊತೆ ಹೊರಟಿದ್ದೇವೆ: ಟಿಕೆಟ್ ಸಿಗದವರು ಪುಣೆಯಲ್ಲಿ ಎಲ್ಲಿ ಕೂತು ನೋಡೋದು?

ಶಹಾಪುರದ ಮಗ್ಗ (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ಪುಣೆಯ ಗಹುಂಜೆ ಸ್ಟೇಡಿಯಂಗೆ ಮುಂದಿನ ಸಲ ಭಾರತದ ಮ್ಯಾಚ್ ಬಂದಾಗ ಹೋಗಲೇಬೇಕು ಅಂತ ಮನೆಯಲ್ಲಿ ಮಾತಾಗಿದೆ. ತಾರೀಖು ಬಂದ ಮೇಲೆ ಗಡಿಬಿಡಿ ಬೇಡ ಅಂತ ಈಗಲೇ ಕೇಳುತ್ತಿದ್ದೇನೆ.

ನಾವು ಐದು ಜನ. ಅಪ್ಪ, ನಾನು, ಅಕ್ಕ, ಅಕ್ಕನ ಇಬ್ಬರು ಗಂಡುಮಕ್ಕಳು. ಅಪ್ಪನಿಗೆ 71. ನಲವತ್ತು ವರ್ಷ ಮಗ್ಗದ ಸದ್ದಿನ ನಡುವೆ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಕಾಮೆಂಟರಿ ಕೇಳಿದವರು. 1983ರ ಫೈನಲ್ ರಾತ್ರಿ ಓಣಿಯವರೆಲ್ಲ ಒಂದೇ ರೇಡಿಯೋ ಸುತ್ತ ಕೂತಿದ್ದನ್ನು ಈಗಲೂ ಹೇಳುತ್ತಾರೆ. ಇಷ್ಟಾದರೂ ದೊಡ್ಡ ಸ್ಟೇಡಿಯಂ ಒಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಅವರಿಗೆ ತೋರಿಸಬೇಕು.

ಐದೂ ಟಿಕೆಟ್ ಸಿಗೋದು ಕಷ್ಟ. ಮೂರು ಸಿಕ್ಕರೆ ಅಪ್ಪ, ನಾನು, ದೊಡ್ಡ ಅಳಿಯ ಒಳಗೆ ಹೋಗುತ್ತೇವೆ. ಅಕ್ಕ ಮತ್ತು ಸಣ್ಣವನು ಎಲ್ಲಿ ಕೂತು ನೋಡಬೇಕು? ಲಾಡ್ಜ್ ರೂಮಿನ ಟಿವಿ ಮುಂದೆ ಇಬ್ಬರೇ ಕೂರಲು ಅಷ್ಟು ದೂರ ಹೋಗಬೇಕಾ ಅಂತ ಅಕ್ಕ ಕೇಳುತ್ತಾಳೆ.

ಇನ್ನೊಂದು ಮಾತು. ಗೆದ್ದರೆ ಹುಡುಗರಿಗೆ ರಸ್ತೆಯಲ್ಲಿ ಕುಣಿಯೋ ಆಸೆ. ಅಕ್ಕನಿಗೆ ಅದೇ ಭಯ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಐಪಿಎಲ್ ಗೆದ್ದಾಗ ದೊಡ್ಡವನು ಖುಷಿಗೆ ಅತ್ತುಬಿಟ್ಟಿದ್ದ. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ರಸ್ತೆ ತುಂಬ ಬಿದ್ದಿದ್ದ ಚಪ್ಪಲಿಗಳನ್ನು ಟಿವಿಯಲ್ಲಿ ನೋಡಿದ ಮೇಲೆ ಅಕ್ಕ ಗದ್ದಲ ಅಂದರೆ ಸಾಕು, ಮಕ್ಕಳ ಕೈ ಹಿಡಿದುಕೊಳ್ಳುತ್ತಾಳೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಗಾಡಿ ಕಾಕಾ (ಉದ್ಯಮಬಾಗ):

ತಮ್ಮಾ, ಮೊದಲು ಅಪ್ಪನವರನ್ನು ಕರೆದುಕೊಂಡು ಹೋಗುತ್ತಿರುವುದಕ್ಕೆ ಸಂತೋಷ. ನಾನು ಇಲ್ಲಿನ ಫೌಂಡ್ರಿಗಳಿಂದ ಪುಣೆ ಹತ್ತಿರದ ಭೋಸರಿಗೆ ಮಾಲು ಹಾಕುತ್ತೇನೆ. ಆ ದಾರಿ ನನಗೆ ಮನೆ ಅಂಗಳ ಇದ್ದ ಹಾಗೆ.

ಪುಣೆ ಊರೊಳಗೆ ಹೋಗುವ ಕೆಲಸವೇ ಇಲ್ಲ, ಇದನ್ನು ತಲೆಯಲ್ಲಿಡಿ. ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ ದಾಟಿ ಕಾತ್ರಜ್ ಬಂದ ಮೇಲೆ ಬೈಪಾಸ್ ಹಿಡಿದೇ ನಡೆಯಿರಿ. ವಾಕಡ್, ರಾವೇತ್ ಆದ ಮೇಲೆ ಮುಂಬೈ ಎಕ್ಸ್‌ಪ್ರೆಸ್‌ವೇ ಶುರುವಾಗುವ ಕಡೆ ಗಹುಂಜೆ. ಎಷ್ಟೋ ಜನ ಶಿವಾಜಿನಗರದಲ್ಲೋ ಸ್ಟೇಷನ್ ಹತ್ತಿರವೋ ರೂಮ್ ಮಾಡಿ, ಮ್ಯಾಚ್ ದಿನ ಊರು ದಾಟುವುದರಲ್ಲೇ ಸುಸ್ತಾಗುತ್ತಾರೆ. ರೂಮ್ ವಾಕಡ್ ಅಥವಾ ರಾವೇತ್ ಕಡೆ ಮಾಡಿ. ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬೆಳಗಾವಿ ಮೇಲೆ ಹೋಗುತ್ತದೆ, ಆದರೆ ವಾರಕ್ಕೆ ಮೂರೇ ದಿನ. ವಯಸ್ಸಾದವರು ಇದ್ದಾರಲ್ಲ, ಕಾರೇ ಒಳ್ಳೆಯದು.

ನಾನು 2023ರ ವಿಶ್ವಕಪ್‌ನಲ್ಲಿ ಭಾರತ–ಬಾಂಗ್ಲಾ ಮ್ಯಾಚ್ ನೋಡಿದ್ದು ಇಲ್ಲೇ. ಅಕ್ಟೋಬರ್ 19, ಗುರುವಾರ, ನವರಾತ್ರಿ ನಡೆದಿತ್ತು. ಜೊತೆಗೆ ನನ್ನ ಮೈದುನ ಇದ್ದ. ಮಧ್ಯಾಹ್ನ ಎರಡಕ್ಕೆ ಆಟ. ಬಹಳ ಸ್ಟ್ಯಾಂಡ್‌ಗಳಿಗೆ ಚಾವಣಿ ಇಲ್ಲ, ಬಿಸಿಲು ನೇರ ತಲೆಗೆ. ನಾವು ಪೂರ್ವದ ಕಡೆ ಕೂತಿದ್ದೆವು, ಸೂರ್ಯ ಮುಳುಗುವವರೆಗೂ ಮುಖಕ್ಕೇ ಬಿಸಿಲು. ನೀವು ಪಶ್ಚಿಮದ ಸ್ಟ್ಯಾಂಡ್ ತೆಗೆದುಕೊಳ್ಳಿ, ಬಿಸಿಲು ಬೆನ್ನ ಹಿಂದೆ ಹೋಗುತ್ತದೆ. ಏಳು ಗಂಟೆಯ ಟಿ20 ಆದರೆ ಈ ಚಿಂತೆ ಇಲ್ಲ.

ಗೇಟಿನಲ್ಲಿ ಚೀಲ, ಬಾಟಲಿ, ತಿನ್ನುವ ಸಾಮಾನು ಬಿಡುವುದಿಲ್ಲ. ನಮ್ಮ ಮುಂದೆ ಒಬ್ಬ ಅಜ್ಜನ ಎಲೆ ಅಡಿಕೆಯ ಚಂಚಿ ತೆಗೆಸಿದರು. ಪಾಪ, ಅದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿಡೋದು ಅಂತ ತಿಳಿಯದೆ ನಿಂತಿದ್ದರು. ಬಣ್ಣಬಣ್ಣದ ಬಟ್ಟೆಯ ತುಂಡು ಕೂಡಿಸಿ ಹೊಲಿದ ಚಂಚಿ, ದಾರದಲ್ಲಿ ಸುಣ್ಣದ ಡಬ್ಬಿ ತೂಗುತ್ತಿತ್ತು. ಮನೆಯವರು ಯಾರೋ ಹೊಲಿದು ಕೊಟ್ಟಿದ್ದೇ ಇರಬೇಕು. ಅಪ್ಪನವರಿಗೆ ಅಂಥ ಅಭ್ಯಾಸ ಇದ್ದರೆ ಕಾರಿನಲ್ಲೇ ಇಟ್ಟು ಬನ್ನಿ. ಬುತ್ತಿ ಗಂಟನ್ನು ಗಾಡಿ ನಿಲ್ಲಿಸಿದ ಕಡೆಯೇ ಬಿಚ್ಚಿ, ಊಟ ಮುಗಿಸಿ, ಆಮೇಲೆ ನಡೆಯಿರಿ. ಗಾಡಿ ನಿಲ್ಲಿಸುವ ಜಾಗದಿಂದ ಗೇಟಿಗೆ ನಡಿಗೆ ಜಾಸ್ತಿ.

ಇನ್ನು ಸಂಭ್ರಮದ ವಿಷಯ. ಅವತ್ತು ಬಾಂಗ್ಲಾ 256 ಹೊಡೆದಿತ್ತು. ಹಾರ್ದಿಕ್ ಕಾಲು ಉಳುಕಿ ಹೊರಗೆ ಹೋದಾಗ ಆ ಓವರಿನ ಉಳಿದ ಮೂರು ಚೆಂಡು ಕೊಹ್ಲಿ ಹಾಕಿದ. ಇಡೀ ಮೈದಾನ ಎದ್ದು ನಿಂತಿತ್ತು. ನಮ್ಮ ಕೆ.ಎಲ್. ರಾಹುಲ್ ಕೀಪಿಂಗ್ ಮಾಡುತ್ತ ಎಡಕ್ಕೆ ಹಾರಿ ಒಂದೇ ಕೈಯಲ್ಲಿ ಕ್ಯಾಚ್ ಹಿಡಿದ. ಕೊನೆಗೆ ಗೆಲ್ಲಲು ಎರಡೇ ರನ್ ಬೇಕು, ಕೊಹ್ಲಿ 97. ಅದಕ್ಕೂ ಮುಂಚೆ, ಕೊಹ್ಲಿಗೆ ನೂರು ಆಗಲಿ ಅಂತ, ಆ ಕಡೆ ತುದಿಯಲ್ಲಿ ರಾಹುಲ್ ಸಿಂಗಲ್ ಬೇಡ ಅಂತ ತಡೆಯುತ್ತಿದ್ದ. ನಮ್ಮ ಸಾಲಿನಲ್ಲಿ ಯಾರ ಗುರುತೂ ಯಾರಿಗೂ ಇಲ್ಲ, ಆದರೂ ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದ್ದೆವು. ಆ ಸಿಕ್ಸರ್ ಬಿದ್ದಾಗ ಪಕ್ಕದ ಸೋಲಾಪುರದ ಮಾಮಾ ನನ್ನನ್ನು ಎತ್ತಿಯೇಬಿಟ್ಟರು!

ತಪ್ಪು ಮಾಡಿದ್ದು ಆಮೇಲೆ. ಬೇಗ ಗಾಡಿ ತೆಗೆಯಬೇಕು ಅಂತ ಓಡಿದೆವು. ಎಲ್ಲರೂ ಹಾಗೇ ಓಡಿದ್ದರು. ಕತ್ತಲೆ, ನೂಕಾಟ, ಫೋನಿಗೆ ಸಿಗ್ನಲ್ ಇಲ್ಲ. ಮೈದುನ ತಪ್ಪಿಸಿಕೊಂಡ. ಎರಡು ತಾಸು ಹುಡುಕಿದೆ. ಸಿಕ್ಕಾಗ ಇಬ್ಬರಿಗೂ ಮಾತೇ ಬರಲಿಲ್ಲ. ಗಾಡಿ ಅಂತೂ ಅಲ್ಲಿಯವರೆಗೆ ಒಂದು ಮಾರು ದೂರವೂ ಸರಿಯುವಂತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಗೆದ್ದ ಮೇಲೆ ಕುರ್ಚಿ ಬಿಡಬೇಡಿ. ಮುಕ್ಕಾಲು ತಾಸು ಅಲ್ಲೇ ಇರಿ. ದೀಪ ಉರಿಯುತ್ತಿರುತ್ತದೆ, ಬಹುಮಾನ ಕೊಡುತ್ತಾರೆ, ಆಟಗಾರರು ಓಡಾಡುತ್ತಾರೆ. ಹುಡುಗ ಅಲ್ಲೇ ಕುಣಿಯಲಿ. ಬೇರೆ ಕಡೆ ಸಂಭ್ರಮ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಳಗೆ ಹೋಗುವ ಮುಂಚೆಯೇ ಗುರುತಿನ ಒಂದು ಜಾಗ ಗೊತ್ತು ಮಾಡಿಕೊಳ್ಳಿ, ತಪ್ಪಿಸಿಕೊಂಡರೆ ಅಲ್ಲಿಗೇ ಬರುವುದು ಅಂತ. ಅಪ್ಪನವರ ಅಂಗಿ ಜೇಬಿನಲ್ಲಿ ಇಬ್ಬರ ನಂಬರ್ ಬರೆದ ಚೀಟಿ ಇಡಿ.

ಟಿಕೆಟ್ ಇಲ್ಲದವರನ್ನು ಗೇಟಿನವರೆಗೆ ಕರೆದುಕೊಂಡು ಹೋಗಲೇಬೇಡಿ. ಅಲ್ಲಿ ನಿಲ್ಲಲು ನೆರಳೂ ಇಲ್ಲ.

ಗೋಕಾಕದವಳು (ಈಗ ವಾಕಡ್):

ಅಣ್ಣಾ, ಅಕ್ಕನಿಗೆ ನನ್ನಿಂದ ಹೇಳಿ, ಅವರ ಭಯ ಸರಿಯಾಗೇ ಇದೆ.

ಎಫ್‌ಸಿ ರಸ್ತೆಯ ಗುಡ್‌ಲಕ್ ಚೌಕದಲ್ಲಿ ಪುಣೆಯವರು ಗೆಲುವಿಗೆ ಸೇರುತ್ತಾರೆ. 2024ರ ಜೂನ್ 29ರಂದು ಟಿ20 ವಿಶ್ವಕಪ್ ಗೆದ್ದ ರಾತ್ರಿ ನಾನೂ ಹೋಗಿದ್ದೆ. ಮೊದಲ ಅರ್ಧ ತಾಸು ಎಷ್ಟು ಚಂದ ಇತ್ತು! ಢೋಲು, ಬಾವುಟ, ಗುರುತಿಲ್ಲದವರೂ ಕೈ ಕುಲುಕುತ್ತಿದ್ದರು. ಆಮೇಲೆ ಜನ ಬರುತ್ತಲೇ ಇದ್ದರು, ಹೋಗುವವರೇ ಇಲ್ಲ. ಒಂದು ಹೊತ್ತಿಗೆ ನನ್ನ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದ ಹಾಗಾಯಿತು. ಗೆಳತಿ ನನ್ನ ಓಢಣಿ ಹಿಡಿದು ಪಕ್ಕದ ಗಲ್ಲಿಗೆ ಎಳೆದುಕೊಂಡಳು. ಸಣ್ಣ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಗಹುಂಜೆಯಿಂದ ಅದು ದೂರ ಕೂಡ.

ಅಕ್ಕ ಮತ್ತು ಹುಡುಗನಿಗೆ ಬಾಲೇವಾಡಿ ಹೈಸ್ಟ್ರೀಟ್ ಸರಿ. ವಾಕಡ್‌ಗೆ ಹತ್ತಿರ, ಬೈಪಾಸ್‌ಗೂ ಹತ್ತಿರ. ಸಾಲಾಗಿ ಊಟದ ಜಾಗಗಳಿವೆ, ಮ್ಯಾಚ್ ದಿನ ದೊಡ್ಡ ಪರದೆ ಹಾಕುತ್ತಾರೆ. ಬಾರ್ ಇರುವ ಕಡೆ ರಾತ್ರಿ ಗಲಾಟೆ ಆಗುತ್ತದೆ, ಮನೆಮಂದಿ ಕೂರುವ ಜಾಗ ಹಿಂದಿನ ದಿನವೇ ನೋಡಿ ಹೇಳಿಡಿ. ಬಾಗಿಲ ಹತ್ತಿರದ ಟೇಬಲ್ ಕೇಳಿ. ವಿಶ್ವಕಪ್ ಆಗಿದ್ದರೆ ಥಿಯೇಟರ್ ಕೂಡ ವಿಚಾರಿಸಿ, 2023ರಲ್ಲಿ ಪಿವಿಆರ್ ಐನಾಕ್ಸ್‌ನವರು ಭಾರತದ ಮ್ಯಾಚ್‌ಗಳನ್ನು ತೋರಿಸಿದ್ದರು. ನಂಬರ್ ಇರುವ ಕುರ್ಚಿ, ಶೌಚಾಲಯ ಎಲ್ಲ ಇರುತ್ತೆ, ನೂಕಾಟ ಇಲ್ಲ.

ಇನ್ನೊಂದು ದಾರಿ ಇದೆ. ಇಲ್ಲಿ ಎಷ್ಟೋ ಸೊಸೈಟಿಗಳಲ್ಲಿ ಅಂಗಳಕ್ಕೆ ಪ್ರೊಜೆಕ್ಟರ್ ಹಾಕುತ್ತಾರೆ. ನಮ್ಮಲ್ಲೂ ಹಾಕುತ್ತಾರೆ, ಹೆಂಗಸರು ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತೇವೆ. ಪುಣೆಯಲ್ಲಿ ನಿಮಗೆ ಬಳಗದವರು ಯಾರಾದರೂ ಇದ್ದರೆ ಮೊದಲು ಅವರನ್ನೇ ಕೇಳಿ.

ಆಟೋನಗರದ ಎಂಡ್ (ಬೆಳಗಾವಿ):

ಪುಣೆಗೆ ಹೋಗುವ ಮುಂಚೆ ಅಪ್ಪನವರನ್ನು ನಮ್ಮ ಆಟೋನಗರದ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನಕ್ಕೆ ಒಮ್ಮೆ ಕರೆದುಕೊಂಡು ಬನ್ನಿ. ಒಳ್ಳೆಯ ಮ್ಯಾಚ್ ಇದ್ದ ದಿನ ಸಾಕು. 2019ರ ಜೂನ್‌ನಲ್ಲಿ ಭಾರತ ‘ಎ’ – ಶ್ರೀಲಂಕಾ ‘ಎ’ ಮ್ಯಾಚ್‌ಗೆ ನಾನು ಹೋಗಿದ್ದೆ. ಋತುರಾಜ್ ಗಾಯಕವಾಡ್ ಅವತ್ತು ಔಟಾಗದೆ 187. ಪುಣೆಯ ಹುಡುಗ ನಮ್ಮೂರಲ್ಲಿ ಬಂದು ಹೊಡೆದ ಆಟ ಅದು. ಚೆಂಡು ಬ್ಯಾಟಿಗೆ ತಾಗಿದ ಸದ್ದು ನಾವು ಕೂತಲ್ಲಿಗೆ ಸ್ಪಷ್ಟ ಕೇಳಿಸುತ್ತಿತ್ತು. ರೇಡಿಯೋದಲ್ಲಿ ಇಷ್ಟು ವರ್ಷ ಕೇಳಿದವರಿಗೆ ಆ ಸದ್ದು ಬರಿಗಿವಿಯಲ್ಲಿ ಕೇಳಿಸಬೇಕು. ಗಹುಂಜೆಯ ಗದ್ದಲದಲ್ಲಿ ಅದು ಸಿಗಲ್ಲ.

ಶಹಾಪುರದ ಮಗ್ಗ:

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಆ ಸದ್ದಿನ ಮಾತು ಬಂದಾಗ ಇನ್ನೊಮ್ಮೆ ಓದು ಅಂದರು. ಆಟೋನಗರಕ್ಕೆ ಮೊದಲು ಹೋಗುತ್ತೇವೆ. ಅಕ್ಕ ಬಾಲೇವಾಡಿಗೆ ಒಪ್ಪಿದ್ದಾಳೆ, ಬಾಗಿಲ ಹತ್ತಿರದ ಟೇಬಲ್ ಸಿಕ್ಕರೆ ಮಾತ್ರ. ತಂಗೀ, ಓಢಣಿ ಹಿಡಿದು ಎಳೆದ ಮಾತು ಕೇಳಿ ಅವಳು ದೊಡ್ಡವನನ್ನು ಕರೆದು ಕೂರಿಸಿ ಅದನ್ನು ಓದಿಸಿದಳು. ಕಾಕಾ, ಒಂದೇ ಪ್ರಶ್ನೆ. ಅಪ್ಪನ ಟ್ರಾನ್ಸಿಸ್ಟರ್ ಒಳಗೆ ಬಿಡುತ್ತಾರಾ?

ಗಾಡಿ ಕಾಕಾ:

ಬಿಡುವುದು ಕಷ್ಟ, ತಮ್ಮಾ. ಗೇಟಿನಲ್ಲಿ ಅವರ ಕೈಯಿಂದ ಯಾರೋ ತೆಗೆಸಿಕೊಳ್ಳುವುದು ಬೇಡ. ಅಕ್ಕನ ಹತ್ತಿರ ಕೊಟ್ಟಿರಿ. ತಾರೀಖು ಗೊತ್ತಾದ ದಿನ ಇಲ್ಲೇ ಬರೆಯಿರಿ. ಆ ವಾರ ಭೋಸರಿಗೆ ನನ್ನ ಗಾಡಿ ಇದ್ದರೆ ಒಂದು ದಿನ ಮುಂಚೆ ಹೋಗಿ, ಗಾಡಿ ಎಲ್ಲಿ ನಿಲ್ಲಿಸುವುದು, ಅಪ್ಪನವರು ಎಷ್ಟು ನಡೆಯಬೇಕಾಗುತ್ತದೆ ಅಂತ ನೋಡಿ ತಿಳಿಸುತ್ತೇನೆ.