ಪದಚರ್ಚೆ: ಅಡಗು, ಅವಿತುಕೊಳ್ಳು, ಕಣ್ಣು ತಪ್ಪಿಸು – ಆಟದ ಕಳ್ಳಿಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಪದದ ಮೇಲೆ ಅರ್ಧ ಗಂಟೆ ಜಗಳ ಆಯಿತು. ಕಾಫಿ ಆರಿಹೋಯಿತು, ಜಗಳ ಆರಲಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಕೋಲಾರದಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದರು. ನಮ್ಮ ಹತ್ತಿರ ಇರುವ ನಿಯಮದ ಪುಸ್ತಕ ಇಂಗ್ಲಿಷಿನದು, ಆಡುವುದು ಕನ್ನಡದಲ್ಲಿ. ನಡುನಡುವೆ ತೆಲುಗೂ ನುಗ್ಗುತ್ತದೆ. ನಮ್ಮ ಕಡೆ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಥೆ ನಡೆಸುವವನು ನಾನು. ಜಾಗಗಳನ್ನೆಲ್ಲ ಅಂತರಗಂಗೆ ಬೆಟ್ಟದಿಂದ ಕದಿಯುತ್ತೇನೆ. ಆ ಬಂಡೆಗಳು, ಸಂದಿಗಳು, ಗುಹೆಗಳು ಇರುವಾಗ ಬೇರೆ ಊರು ಯಾಕೆ ಕಲ್ಪಿಸಿಕೊಳ್ಳಬೇಕು?

ಈಗ ಜಗಳಕ್ಕೆ ಬರುತ್ತೇನೆ. ಅಕ್ಕನ ಮಗಳದು ಕಳ್ಳಿಯ ಪಾತ್ರ. (ಹೌದು, ಬೇಲಿಯ ಕಳ್ಳಿ ಅಂತ ಎಲ್ಲರೂ ರೇಗಿಸಿ ಆಗಿದೆ.) ಅವಳು ಬಂಡೆಯ ಹಿಂದೆ ಅಡಗಿದಳು. ದಾಳದಲ್ಲಿ 12 ಬಿತ್ತು, ಅಡಗುವ ಚಳಕಕ್ಕೆ ಅವಳ ಪಾತ್ರಕ್ಕೆ ಇರುವ ಲೆಕ್ಕ 7, ಕೂಡಿದರೆ 19. 2024ರ ನಿಯಮದ ಪ್ರಕಾರ 15 ಬಂದರೆ ಸಾಕು. ಆದರೆ ದಾಳಕ್ಕೆ ಮೊದಲು ಜಾಗ ಸರಿಯಾಗಿರಬೇಕು. ದಟ್ಟ ಕತ್ತಲೋ ಮಂಜೋ ಇರಬೇಕು, ಇಲ್ಲವೇ ಮೈಯ ಮುಕ್ಕಾಲು ಪಾಲಾದರೂ ಮುಚ್ಚುವ ಮರೆ ಇರಬೇಕು. ಯಾವ ಶತ್ರುವಿನ ನೋಟವೂ ನೇರ ತಾಗುವಂತಿರಬಾರದು. ಇಷ್ಟೆಲ್ಲ ಕೂಡಿಬಂದರೆ ನೀನು ‘ಇನ್ವಿಸಿಬಲ್’ ಅನ್ನುತ್ತದೆ ಪುಸ್ತಕ.

ನಾನು ಯೋಚನೆ ಮಾಡದೆ ‘ಸರಿ, ನೀನೀಗ ಅದೃಶ್ಯ’ ಅಂದುಬಿಟ್ಟೆ.

‘ಹಾಗಾದ್ರೆ ಬಂಡೆ ಬಿಟ್ಟು ಬಯಲಲ್ಲೇ ನಡ್ಕೊಂಡು ಹೋಗ್ತೀನಿ ಮಾಮ. ಕಾವಲುಗಾರನ ಸೊಂಟದಿಂದ ಬೀಗದಕೈ ತಗೋತೀನಿ.’

‘ಅವನು ನಿನ್ನ ಕಡೆಗೇ ನೋಡ್ತಿದಾನಲ್ಲೇ!’

‘ನೋಡ್ಲಿ ಬಿಡಿ. ಅದೃಶ್ಯ ಅಂದವರು ನೀವೇ ಅಲ್ವಾ?’

ಮಾತು ಅವಳದೇ ಸರಿ. ಆ ಸ್ಥಿತಿ ಯಾವಾಗ ಮುಗಿಯುತ್ತದೆ ಅಂತ ಪುಸ್ತಕದಲ್ಲಿ ನಾಲ್ಕು ಕಾರಣ ಕೊಟ್ಟಿದ್ದಾರೆ. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ಶತ್ರು ನಿನ್ನನ್ನು ಪತ್ತೆ ಹಚ್ಚಿದರೆ, ನೀನು ಹೊಡೆಯಲು ದಾಳ ಹಾಕಿದರೆ, ಬಾಯಲ್ಲಿ ಹೇಳುವ ಮಂತ್ರ ಹಾಕಿದರೆ. ‘ಬಯಲಿಗೆ ಬಂದರೆ’ ಅಂತ ಬಿಡಿಸಿ ಬರೆದಿಲ್ಲ. ಮಂತ್ರದಿಂದ ಮಾಯವಾದವನಿಗೂ ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತವನಿಗೂ ಒಂದೇ ಹೆಸರು ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಆಡುವವರೂ ಇದರ ಮೇಲೆ ಕಿತ್ತಾಡುತ್ತಾರೆ. ಕಾವಲುಗಾರ ಕಣ್ಣು ಬಿಟ್ಟುಕೊಂಡು ಅದೇ ಕಡೆ ನೋಡುತ್ತಿದ್ದರೆ ಅದೇ ‘ಪತ್ತೆ’ ಅಂತ ನಾನು ತೀರ್ಪು ಕೊಟ್ಟೆ. ಅಕ್ಕನ ಮಗಳು ಒಪ್ಪಲಿಲ್ಲ.

ಆಮೇಲೆ ಪಾತ್ರೆ ತೊಳೆಯುವಾಗ ಹೊಳೆದದ್ದು ಇಷ್ಟು. ‘ಅದೃಶ್ಯ’ ಅನ್ನುವುದು ಆಳಿನ ಗುಣ. ಅದೃಶ್ಯ ಆದವನು ಎಲ್ಲರಿಗೂ ಅದೃಶ್ಯ, ಎಲ್ಲಿ ಹೋದರೂ ಅದೃಶ್ಯ. ‘ಯಾರಿಗೆ?’ ಅನ್ನುವ ಪ್ರಶ್ನೆಯೇ ಆ ಪದದಲ್ಲಿ ಏಳುವುದಿಲ್ಲ. ‘ಕಣ್ಣು ತಪ್ಪಿಸು’ ಅಂದು ನೋಡಿ. ತಕ್ಷಣ ‘ಯಾರ ಕಣ್ಣು?’ ಅಂತ ಕೇಳಬೇಕಾಗುತ್ತದೆ. ಕಾವಲುಗಾರನ ಕಣ್ಣು ತಪ್ಪಿಸಿದಳು, ನಾಯಿಯ ಕಣ್ಣು ತಪ್ಪಿಸಲಾಗಲಿಲ್ಲ. ಮಾತಿನ ಕಟ್ಟೇ ಇನ್ನೊಬ್ಬನನ್ನು ಎಳೆದು ತರುತ್ತದೆ. ನನ್ನ ಪ್ರಕಾರ ಆಟವೂ ಹೀಗೇ ನಡೆಯಬೇಕು. ನೀನು ಯಾರಿಂದ ಅಡಗಿದ್ದೀಯ ಅನ್ನುವುದನ್ನು ಒಬ್ಬೊಬ್ಬರಿಗೂ ಬೇರೆ ನೋಡಬೇಕು. ನಾನು ಮೊದಲೇ ‘ಕಾವಲುಗಾರನ ಕಣ್ಣು ತಪ್ಪಿಸಿದ್ದೀಯ’ ಅಂದಿದ್ದರೆ, ಅವನ ಮೂಗಿನ ಮುಂದೆ ನಡೆಯುತ್ತೇನೆ ಅನ್ನುವ ಆಸೆ ಅವಳಿಗೆ ಹುಟ್ಟುತ್ತಲೇ ಇರಲಿಲ್ಲ.

‘ಕಣ್ಮರೆ’ ಹೇಗೆ ಅಂತ ಯಾರಾದರೂ ಕೇಳಬಹುದು. ನೋಡಿ ಆಗಿದೆ. ‘ನಿಮ್ಮ ಜೊತೆಗಾರ ಕಣ್ಮರೆಯಾದ’ ಅಂದೆ, ತುಮಕೂರಿನಿಂದ ಬಂದಿದ್ದ ಭಾವ ‘ಅಯ್ಯೋ, ಹೋಗ್ಬಿಟ್ನಾ?’ ಅಂದರು. ಪೇಪರಿನ ಶ್ರದ್ಧಾಂಜಲಿ ಓದಿ ಓದಿ ಆ ಪದ ಹಾಗಾಗಿದೆ. ‘ತಲೆಮರೆಸಿಕೊಂಡ’ ಪೊಲೀಸರ ಪಾಲಾಗಿದೆ.

ಉಳಿದ ಪದಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆ ‘ಅಡಗು’. ಅಡಗಲು ಆಸೆ ಇರಬೇಕಾಗಿಲ್ಲ, ಜೀವವೂ ಇರಬೇಕಾಗಿಲ್ಲ. ನೆಲದಲ್ಲಿ ನಿಧಿ ಅಡಗಿರುತ್ತದೆ, ಮಾತಿನಲ್ಲಿ ಗುಟ್ಟು ಅಡಗಿರುತ್ತದೆ. ಜೊತೆಗೆ ಸದ್ದೂ ಅಡಗುತ್ತದೆ, ಸೊಕ್ಕೂ ಅಡಗುತ್ತದೆ. (ಹಳಗನ್ನಡದಲ್ಲಿ ಅಡಗು ಅಂದರೆ ಮಾಂಸ ಅಂತಲೂ ಇದೆ. ಅದು ಬೇರೆಯೇ ಪದ, ನಮ್ಮ ಊಟದ ಕಡೆಗೆ ಸೇರಿದ್ದು.) ಈ ‘ಸದ್ದಡಗು’ ಅನ್ನುವುದು ಆಟಕ್ಕೆ ಬಹಳ ಹೊಂದುತ್ತದೆ. ಯಾಕೆ ಅಂದರೆ ಮೊದಲು ಇದು ಎರಡು ವಿದ್ಯೆ ಆಗಿತ್ತು. 1975ರಲ್ಲಿ ಗ್ರೇಹಾಕ್ ಅನ್ನುವ ಪುರವಣಿಯಲ್ಲಿ ಕಳ್ಳನ ಪಾತ್ರ ಬಂದಾಗ, ಸದ್ದಿಲ್ಲದೆ ನಡೆಯುವುದು ಬೇರೆ, ನೆರಳಲ್ಲಿ ಅಡಗುವುದು ಬೇರೆ. 1978ರ ಪುಸ್ತಕದಲ್ಲಿ ಹೊಸ ಕಳ್ಳನಿಗೆ ಸದ್ದಿಲ್ಲದ ನಡಿಗೆ ನೂರಕ್ಕೆ 15, ನೆರಳಲ್ಲಿ ಅಡಗುವುದು ನೂರಕ್ಕೆ 10. ಪಾಪ, ಹತ್ತು ಸಲ ಅಡಗಿದರೆ ಒಂಬತ್ತು ಸಲ ಸಿಕ್ಕಿಬೀಳುತ್ತಿದ್ದ! 2000ದ ಆವೃತ್ತಿಯಲ್ಲೂ ಎರಡೂ ಬೇರೆಬೇರೆಯೇ. 2008ರಲ್ಲಿ ಒಟ್ಟು ಸೇರಿಸಿ ‘ಸ್ಟೆಲ್ತ್’ ಅಂದರು. ಮೈಯೂ ಅಡಗುತ್ತದೆ, ಸದ್ದೂ ಅಡಗುತ್ತದೆ. ಆ ಕೂಡಿಕೆ ಕನ್ನಡದಲ್ಲಿ ಮೊದಲಿನಿಂದಲೂ ಇದೆ.

‘ಅವಿತುಕೊಳ್ಳು’ ಬೇರೆ. ಅದರಲ್ಲಿ ಮೈ ಕುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮಂಚದ ಕೆಳಗೆ ಬೆಕ್ಕು ಅವಿತುಕೊಳ್ಳುತ್ತದೆ. ನಿಧಿ ಅವಿತುಕೊಳ್ಳುವುದಿಲ್ಲ. ‘ಬಚ್ಚಿಡು’ ವಸ್ತುವಿಗೆ, ‘ಬಚ್ಚಿಟ್ಟುಕೋ’ ಮಕ್ಕಳ ಆಟಕ್ಕೆ. ‘ಹೊಂಚು ಹಾಕು’ ಅಂದರೆ ಮುಂದೆ ಹೊಡೆತ ಇದೆ ಅಂತಲೇ ಅರ್ಥ. ಸುಮ್ನೆ ತಪ್ಪಿಸಿಕೊಂಡು ಕೂತವನು ಹೊಂಚು ಹಾಕುತ್ತಿಲ್ಲ. ಹಾಗಾಗಿ ಬಂಡೆಯ ಹಿಂದೆ ಬಿಲ್ಲು ಎಳೆದು ನಿಂತವನಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ.

ಇನ್ನು ‘ಮರೆ’. ಇದರ ಮೇಲೆ ನಿಮ್ಮ ಅಭಿಪ್ರಾಯ ಬೇಕು. ಮರೆ ಅಂದರೆ ಅಡ್ಡ ಇರುವ ವಸ್ತು: ಮರದ ಮರೆ, ಗೋಡೆಯ ಮರೆ. ಮರೆ ಅಂದರೆ ನೆನಪು ಬಿಟ್ಟುಹೋಗುವುದೂ ಹೌದು. ಹಳಗನ್ನಡದಲ್ಲಿ ಎರಡಕ್ಕೂ ಆ ಹಳೆಯ ಶಕಟರೇಫವೇ (ಈಗ ಬಳಕೆ ತಪ್ಪಿರುವ ‘ಱ’ ಅಕ್ಷರ), ‘ಮಱೆ’. ತಮಿಳಿನಲ್ಲಿ ಮರೆಯುವುದಕ್ಕೆ ‘ಮಱ’, ಮರೆಮಾಡುವುದಕ್ಕೆ ‘ಮಱೈ’. ಕಣ್ಣಿಗೆ ಕಾಣದಿರುವುದು, ಮನಸ್ಸಿನಲ್ಲಿ ಇಲ್ಲದಿರುವುದು, ಇವೆರಡೂ ಹೀಗೆ ಅಕ್ಕಪಕ್ಕ ಕೂತಿವೆ. ಆಟದಲ್ಲಿ ಜಗಳ ಹುಟ್ಟುವುದೂ ಈ ಎರಡನ್ನು ಕಲಸಿದಾಗಲೇ. ‘ಅವನಿಗೆ ನಾನು ಕಾಣುತ್ತಿಲ್ಲ’ ಅನ್ನುವುದು ಒಂದು. ‘ನಾನು ಇದ್ದೇನೆ ಅಂತಲೇ ಅವನಿಗೆ ಗೊತ್ತಿಲ್ಲ’ ಅನ್ನುವುದು ಇನ್ನೊಂದು.

ಪಾತ್‌ಫೈಂಡರ್ ಅನ್ನುವ ಇನ್ನೊಂದು ಆಟದ 2019ರ ಎರಡನೇ ಆವೃತ್ತಿಯಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಅಲ್ಲಿ ನಾಲ್ಕು ಮೆಟ್ಟಿಲು: ಅಬ್ಸರ್ವ್ಡ್, ಹಿಡನ್, ಅನ್‌ಡಿಟೆಕ್ಟೆಡ್, ಅನ್‌ನೋಟಿಸ್ಡ್. ಮೊದಲನೆಯದು ಕಣ್ಣೆದುರೇ ಇರುವುದು. ಎರಡನೆಯದರಲ್ಲಿ ಎಲ್ಲಿದ್ದಾನೆ ಅಂತ ಗೊತ್ತು, ಸರಿಯಾಗಿ ಕಾಣುವುದಿಲ್ಲ. ಮೂರನೆಯದರಲ್ಲಿ ಯಾವ ಜಾಗದಲ್ಲಿದ್ದಾನೆ ಅಂತಲೇ ತಿಳಿಯದು, ಊಹೆ ಮಾಡಿ ಕತ್ತಿ ಬೀಸಬೇಕು. ನಾಲ್ಕನೆಯದರಲ್ಲಿ ಒಬ್ಬ ಇದ್ದಾನೆ ಅನ್ನುವ ಅನುಮಾನವೇ ಇಲ್ಲ.

ಹಿಡನ್ ಅಂದರೆ ಏನು ಅಂತ ಅಕ್ಕನ ಮಗಳಿಗೆ ಹೀಗೆ ಹೇಳಿದೆ. ನೆಂಟರು ಬಂದಾಗ ಮಗು ಅಮ್ಮನ ಸೆರಗಿನ ಮರೆಗೆ ಹೋಗುತ್ತದೆ. ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಮುಖ ಮಾತ್ರ ಕಾಣುವುದಿಲ್ಲ. ಅವಳಿಗೆ ಅದು ಸಾಲಲಿಲ್ಲ, ದೊಡ್ಡ ಉದಾಹರಣೆ ಕೊಡಿ ಅಂದಳು. ಭಾವ ದುರ್ಯೋಧನನನ್ನು ತಂದರು. ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಾಗ ಅವನು ಎಲ್ಲಿದ್ದಾನೆ ಅಂತ ಪಾಂಡವರಿಗೆ ಮೊದಲು ಸುಳಿವಿಲ್ಲ, ಅದು ಮೂರನೇ ಮೆಟ್ಟಿಲು. ಕೊಳದಲ್ಲಿದ್ದಾನೆ ಅಂತ ಗೊತ್ತಾದ ಮೇಲೆ ಎರಡಕ್ಕೆ ಇಳಿದ. ನೀರು ಇನ್ನೂ ಅವನನ್ನು ಮುಚ್ಚಿಯೇ ಇತ್ತು. ಭೀಮ ಮೂದಲಿಸಿದ, ರೋಷ ತಡೆಯದೆ ತಾನೇ ಎದ್ದು ಬಂದ. ಕಣ್ಣೆದುರು. ದಾಳವೇ ಬೇಕಾಗಲಿಲ್ಲ ಅಂದರು ಭಾವ.

ಮುಳಬಾಗಿಲಿನ ಹುಡುಗ ಒಬ್ಬ ಆಡಲು ಬರುತ್ತಾನೆ. ‘ಅಜ್ಞಾತವಾಸ ಎಷ್ಟನೇ ಮೆಟ್ಟಿಲು?’ ಅಂತ ಕೇಳಿದ. ಯಾವುದೂ ಅಲ್ಲ, ಅಲ್ವಾ? ವಿರಾಟನ ಮನೆಯಲ್ಲಿ ಪಾಂಡವರು ಎಲ್ಲರ ಕಣ್ಣಿಗೂ ಬೀಳುತ್ತಿದ್ದರು. ಗುರುತು ಮಾತ್ರ ಸಿಕ್ಕಲಿಲ್ಲ. ಅದು ವೇಷ. ‘ಗುರುತು ಮರೆಸಿಕೊಳ್ಳು’ ಅನ್ನುವ ಮಾತು ಅದಕ್ಕೇ ಇರಲಿ. ನೋಡಿ, ಅಲ್ಲೂ ‘ಮರೆ’ ಬಂತು.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು: ಕಣ್ಣೆದುರು, ಮರೆಯಲ್ಲಿ, ಕಣ್ಣುತಪ್ಪಿ, ಸುಳಿವೇ ಇಲ್ಲದೆ. ಮೂರನೆಯದು ಸ್ವಲ್ಪ ಕುಂಟುತ್ತದೆ. ‘ಅಗೋಚರ’, ‘ಅಲಕ್ಷಿತ’ ಅಂತ ಬರೆಯಬಹುದು, ಗೊತ್ತು. ಆದರೆ ಮೇಜಿನ ಸುತ್ತ ಕೂತು ಚುರುಮುರಿ ತಿನ್ನುತ್ತಾ ‘ನಾನು ಅಲಕ್ಷಿತ’ ಅಂತ ಯಾರು ಅನ್ನುತ್ತಾರೆ?

ಸ್ಟೆಲ್ತ್ ಅನ್ನುವ ವಿದ್ಯೆಗೆ ನಾಮಪದ ಬೇಕಾಗಿದೆ. ಇಂಗ್ಲಿಷಿನ ಆ ಪದ ಕದಿಯುವುದಕ್ಕೆ ಇರುವ ‘ಸ್ಟೀಲ್’ ಜೊತೆಗೇ ಹುಟ್ಟಿದ್ದು. ನಮ್ಮಲ್ಲೂ ‘ಕಳ್’ ಅನ್ನುವುದರಿಂದ ಕಳ್ಳ, ಕದ್ದು. ಕದ್ದು ನೋಡಿದರೆ, ಕದ್ದು ಕೇಳಿದರೆ ಯಾರದೂ ಏನೂ ಕಳವಾಗಿರುವುದಿಲ್ಲ. ಎರಡು ಭಾಷೆಗೂ ಒಂದೇ ಯೋಚನೆ ಹೊಳೆದಿದೆ. ‘ಕದ್ದುಮುಚ್ಚಿ’ ಅನ್ನುವುದು ಅರ್ಥಕ್ಕೆ ಪೂರ್ತಿ ಸರಿ. ಆದರೆ ನಾಮಪದ ಆಗುವುದಿಲ್ಲ, ಜೊತೆಗೆ ಏನೋ ತಪ್ಪು ಮಾಡುತ್ತಿರುವ ವಾಸನೆ ಇದೆ. ‘ಕಳ್ಳಹೆಜ್ಜೆ’ ಚೆನ್ನಾಗಿದೆ. ‘ಕಳ್ಳಹೆಜ್ಜೆಗೆ 7’ ಅಂತ ಹಾಳೆಯ ಮೇಲೆ ಬರೆದರೆ ಓದಲೂ ಹಿತ. ತೊಂದರೆ ಒಂದೇ: ಹೆಜ್ಜೆ ಇಡದೆ ಅಲುಗಾಡದೆ ಕೂತವನಿಗೆ ಅದನ್ನು ಹೇಗೆ ಹೇಳುವುದು? ಅವನಿಗೆ ‘ಅಡಗು’ ಬೇಕು. ಅಂದರೆ ಮತ್ತೆ 1975ಕ್ಕೆ ಹೋಗಿ ಎರಡು ವಿದ್ಯೆ ಮಾಡಿದ ಹಾಗಾಯಿತು!

ಎದುರು ಕಡೆಯವನ ಗಮನಕ್ಕೆ ನಾವು ‘ಎಚ್ಚರ’ ಅನ್ನುತ್ತೇವೆ. ಹುಡುಕದೆ ಇರುವಾಗಲೂ ಇರುವ ಎಚ್ಚರಕ್ಕೆ 10ರ ಮೇಲೆ ಅವನ ಲೆಕ್ಕ ಕೂಡಿಸಬೇಕು. ಅದನ್ನು ‘ಸಹಜ ಎಚ್ಚರ’ ಅಂದರೆ ಎಲ್ಲರೂ ಒಪ್ಪಿದರು. ಅದರ ಮೇಲೆ ಜಗಳ ಇಲ್ಲ.

ನಿಮ್ಮಲ್ಲಿ ಕೇಳುವುದು ಎರಡು. ಒಂದು, ಎಲ್ಲಿದ್ದಾನೆ ಅಂತ ಗೊತ್ತಿದ್ದೂ ಕಾಣದವನಿಗೂ, ಎಲ್ಲಿದ್ದಾನೆ ಅಂತಲೇ ತಿಳಿಯದವನಿಗೂ ನಿಮ್ಮ ಕಡೆ ಬೇರೆಬೇರೆ ಮಾತು ಇದೆಯಾ? ಬೇಟೆಯ ಮಾತು, ಕುರಿ ಕಾಯುವವರ ಮಾತು, ಅಜ್ಜಿಯ ಬೈಗುಳ, ಯಾವುದಾದರೂ ಸರಿ. ಎರಡು, ಕಣ್ಣಾಮುಚ್ಚಾಲೆಯಲ್ಲಿ ಅಡಗುವವರಿಗೆ ನೀವು ಏನು ಕೂಗುತ್ತಿದ್ದಿರಿ? ನಾವು ಐಸ್‌ಪೈಸ್ ಆಡುವಾಗ ‘ಬಚ್ಚಿಟ್ಕೋ’ ಅನ್ನುತ್ತಿದ್ದೆವು. ಮುಳಬಾಗಿಲಿನ ಹುಡುಗ ಈಗಲೂ ತೆಲುಗಿನಲ್ಲಿ ‘ದಾಕ್ಕೋ’ ಅನ್ನುತ್ತಾನೆ. ಮಧುಗಿರಿ, ಪಾವಗಡ, ಗೌರಿಬಿದನೂರು ಕಡೆಯವರು ದಯವಿಟ್ಟು ಬರೆಯಿರಿ. ಭಾನುವಾರದ ಒಳಗೆ ಸಿಕ್ಕರೆ ಒಳ್ಳೆಯದು. ಕಳ್ಳಿ ಇನ್ನೂ ಆ ಬಯಲಿನ ನಡುವೆಯೇ ನಿಂತಿದ್ದಾಳೆ, ಕಾವಲುಗಾರ ಅವಳ ಕಡೆಗೇ ನೋಡುತ್ತಿದ್ದಾನೆ.