ಲಿಫ್ಟ್ ಮಾಡಿದ ಮೇಲೆ ಸ್ಟೀರಿಂಗ್ ಗಡಗಡ, ಡ್ಯಾಂಪರ್ ಬದಲಿಸಿದರೂ ಹೋಗುತ್ತಿಲ್ಲ

ಕೆಸರುಗಾಲಿ:

ಗಾಡಿಗೆ ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು), ಕಾಯಿಲ್ ಸ್ಪ್ರಿಂಗ್. ನಾಲ್ಕು ತಿಂಗಳ ಹಿಂದೆ ಸಸ್ಪೆನ್ಷನ್ 3 ಇಂಚು ಲಿಫ್ಟ್ ಮಾಡಿ, ಅಂದರೆ ಎತ್ತರಿಸಿ, 33 ಇಂಚಿನ ಟೈರ್ ಹಾಕಿದೆ. ಕೆಲಸ ಪೂರ್ತಿ ನಾನೇ ಮಾಡಿದ್ದು. ಆಕ್ಸಲ್ ಮಧ್ಯಕ್ಕೆ ಬರಲಿ ಅಂತ ಉದ್ದ ಹೊಂದಿಸುವ ಟ್ರ್ಯಾಕ್ ಬಾರ್ (ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಕಟ್ಟಿಡುವ ಸರಳು) ಕೂಡ ಹಾಕಿದ್ದೇನೆ.

ಎರಡು ತಿಂಗಳು ಆರಾಮಾಗಿತ್ತು. ಆಮೇಲೆ ಒಂದು ದಿನ ಸೇತುವೆಯ ಜಾಯಿಂಟ್ ಮೇಲೆ 75ರಲ್ಲಿ ಹೋದೆ ನೋಡಿ, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ನಡುಗಿತು. ಮುಂದಿನ ಚಕ್ರ ಕಳಚಿಯೇ ಬಿತ್ತು ಅಂದುಕೊಂಡೆ. 30ಕ್ಕೆ ಇಳಿಯುವ ತನಕ ನಿಲ್ಲಲಿಲ್ಲ. ಇಳಿದು ನೋಡಿದರೆ ಎಲ್ಲ ಸರಿಯಾಗೇ ಇದೆ!

ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ನಡುಕ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹೊಸದು ಹಾಕಿದೆ. ಮೂರು ವಾರ ಸುಮ್ಮನಿತ್ತು, ಮತ್ತೆ ಶುರು. ಬ್ಯಾಲೆನ್ಸಿಂಗ್ ಎರಡು ಸಲ ಆಯಿತು. ಅಲೈನ್‌ಮೆಂಟ್ ಚೀಟಿಯಲ್ಲಿ ಟೋ ಸರಿ ಇದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎಡಕ್ಕೆ 2.8, ಬಲಕ್ಕೆ 3.1 ಡಿಗ್ರಿ. ಮನೆಯವರು ಈಗ ಈ ಗಾಡಿ ಹತ್ತುವುದಿಲ್ಲ ಅಂತಿದ್ದಾರೆ. ಮುಂದೇನು ನೋಡಲಿ?

ಟೈರ್‌ಮರುಳ:

ಗಾಳಿ ಎಷ್ಟಿದೆ? ದೊಡ್ಡ ಟೈರ್‌ಗೆ ಜಾಸ್ತಿ ಗಾಳಿ ಬೇಕು ಅಂತ 38, 40 ತುಂಬಿಸುವವರು ತುಂಬಾ ಜನ. 30ಕ್ಕೆ ಇಳಿಸಿ ನೋಡಿ. ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಯೂ ನೋಡಿ. ಖರ್ಚಿಲ್ಲದ ಪರೀಕ್ಷೆ.

ಹಳೇ ಸ್ಪ್ಯಾನರ್:

ಟೈರ್ ಅದಲುಬದಲು ಮಾಡಿ, ಬೇಡ ಅನ್ನಲ್ಲ. ಆದರೆ ಇದು ಬ್ಯಾಲೆನ್ಸ್ ತೊಂದರೆಯ ಹಾಗೆ ಕಾಣುತ್ತಿಲ್ಲ. ಬ್ಯಾಲೆನ್ಸ್ ಕೆಟ್ಟರೆ ಒಂದು ವೇಗದಲ್ಲಿ ನಡುಕ ಬರುತ್ತದೆ, ಅದನ್ನು ದಾಟಿದರೆ ಕಡಿಮೆಯಾಗುತ್ತದೆ, ರಸ್ತೆ ನುಣುಪಾಗಿದ್ದರೂ ಬರುತ್ತದೆ. ನಿಮ್ಮದು ಒಂದು ಏಟು ಬಿದ್ದ ಮೇಲೆ ಶುರುವಾಗಿ, ಗಾಡಿ ನಿಧಾನ ಮಾಡುವ ತನಕ ಬಿಡಲ್ಲ. ಇದಕ್ಕೇ ಡೆತ್ ವಾಬಲ್ ಅನ್ನುವುದು. ಎಲ್ಲೋ ಒಂದು ಕಡೆ ಪ್ಲೇ ಇದೆ, ಅಂದರೆ ಜಾಯಿಂಟ್ ಸಡಿಲವಾಗಿ ಆಡುತ್ತಿದೆ.

ಡ್ಯಾಂಪರ್ ವಿಷಯಕ್ಕೆ ಮೊದಲು ಬರುತ್ತೇನೆ, ಅದನ್ನು ಕಂಡರೆ ನನಗೆ ಸಿಟ್ಟು. ನೋವಿದೆ ಅಂತ ಕೂಗುವವನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅದು. ಹೊಸದಿದ್ದಾಗ ನಡುಕ ಹಿಡಿದಿಡುತ್ತದೆ. ಒಳಗೆ ಸವೆಯುವುದು ಸವೆಯುತ್ತಲೇ ಇರುತ್ತದೆ. ನಿಮ್ಮ ಮೂರು ವಾರ ಅದೇ.

ಈಗ ಕೆಲಸ. ಗಾಡಿ ಜ್ಯಾಕ್ ಮೇಲೆ ಬೇಡ. ಸಮತಟ್ಟಾದ ಜಾಗದಲ್ಲಿ ಚಕ್ರಗಳು ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆನ್ ಮಾಡಿ, ಗೇರ್ ನ್ಯೂಟ್ರಲ್. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಒಂದು ಗೇಣಿನಷ್ಟು ಎಡಕ್ಕೆ, ಬಲಕ್ಕೆ, ಬಿಡದೆ ಆಡಿಸುತ್ತಿರಲಿ. ನೀವು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡಿ. ಅರ್ಧ ಬೆರಳು ಬಾರ್ ಮೇಲೆ, ಅರ್ಧ ಬ್ರ್ಯಾಕೆಟ್ ಮೇಲೆ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಗೊತ್ತಾಗುತ್ತದೆ.

ಶುರು ಮಾಡುವುದು ಟ್ರ್ಯಾಕ್ ಬಾರ್‌ನಿಂದ, ಎರಡೂ ತುದಿ. ಆಕ್ಸಲ್ ಅಡ್ಡಡ್ಡ ಸರಿಯದ ಹಾಗೆ ಹಿಡಿದಿರುವುದು ಅದೊಂದೇ. ಅದು ಕೂದಲೆಳೆಯಷ್ಟು ಸಡಿಲವಾದರೂ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಸರಳಾದ ಡ್ರ್ಯಾಗ್ ಲಿಂಕ್‌ನ ಇನ್ನೊಂದು ತುದಿ ಸ್ಟೀರಿಂಗ್ ಬಾಕ್ಸ್ ಕಡೆ ನಿಂತೇ ಇರುವುದರಿಂದ ನೀವು ತಿರುಗಿಸದೆಯೇ ಚಕ್ರ ತಿರುಗುತ್ತದೆ. ತಿರುಗಿದ ಚಕ್ರ ಆಕ್ಸಲನ್ನು ಆಚೆ ತಳ್ಳುತ್ತದೆ, ಅದು ಮತ್ತೆ ಚಕ್ರ ತಿರುಗಿಸುತ್ತದೆ. ಒಂದಕ್ಕೊಂದು ಎಣ್ಣೆ ಸುರಿದ ಹಾಗೆ.

ಅಲ್ಲಿ ಏನೂ ಸಿಗದಿದ್ದರೆ ಟೈ ರಾಡ್ ಎಂಡ್‌ಗಳು, ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟ್‌ಗಳು, ಆಕ್ಸಲನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕಂಟ್ರೋಲ್ ಆರ್ಮ್‌ಗಳ ಬುಷ್‌ಗಳು (ಜಾಯಿಂಟ್ ಒಳಗಿನ ರಬ್ಬರ್ ತೋಳು). ಆಮೇಲಷ್ಟೇ ಜ್ಯಾಕ್. ಸ್ಟ್ಯಾಂಡ್ ಕೊಟ್ಟು ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಯಾರಾದರೂ ಬ್ರೇಕ್ ತುಳಿದು ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್.

ಅಲ್ಲಿಯ ತನಕ ಓಡಿಸಲೇಬೇಕಾದರೆ ನಿಧಾನವಾಗಿ. ನಡುಕ ಬಂದರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಮೆಲ್ಲಗೆ ವೇಗ ಇಳಿಸಿ. ಹೆಬ್ಬೆರಳು ಸ್ಪೋಕ್ ಒಳಗೆ ಇರದಿರಲಿ.

ನಾಲ್ಕುಗಾಲಿ:

ಕ್ಯಾಸ್ಟರ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? 2.8 ಕಡಿಮೆ ಅಲ್ವಾ? ಉದ್ದದ ಲೋವರ್ ಆರ್ಮ್ ಹಾಕಿ 6ಕ್ಕೆ ಏರಿಸಿ, ಮುಗಿಯಿತು.

ಹಳೇ ಸ್ಪ್ಯಾನರ್:

ಕಡಿಮೆಯೇ, ಒಪ್ಪಿದೆ. ಲಿಫ್ಟ್ ಮಾಡಿದರೆ ಕ್ಯಾಸ್ಟರ್ ಇಳಿಯುತ್ತದೆ. ಆದರೆ ಅದರಿಂದ ಗಾಡಿ ರಸ್ತೆಯಲ್ಲಿ ಅಲೆದಾಡುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ. ಸಡಿಲ ಬೋಲ್ಟನ್ನು ಕ್ಯಾಸ್ಟರ್ ಬಿಗಿ ಮಾಡುವುದಿಲ್ಲ. ಕ್ಯಾಸ್ಟರ್ ಏರಿಸಿದಷ್ಟೂ ಡಿಫರೆನ್ಷಿಯಲ್‌ನ ಪಿನಿಯನ್ ಮೂತಿ (ಶಾಫ್ಟ್ ಸೇರುವ ತುದಿ) ಕೆಳಗಾಗುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ. ಒಂದು ನಡುಕ ಬಿಡಿಸಲು ಹೋಗಿ ಇನ್ನೊಂದನ್ನು ಮನೆಗೆ ಕರೆದ ಹಾಗೆ. ಮೊದಲು ಪ್ಲೇ, ಆಮೇಲೆ ಕ್ಯಾಸ್ಟರ್.

ಕೆಸರುಗಾಲಿ:

ಸಿಕ್ಕಿತು! ತಮ್ಮನನ್ನು ಕೂರಿಸಿ ಸ್ಟೀರಿಂಗ್ ಆಡಿಸಿದೆ. ಗಾಳಿ 36 ಇತ್ತು, 30 ಮಾಡಿದ್ದೆ, ಅದರಿಂದ ಅಂಥ ವ್ಯತ್ಯಾಸ ಆಗಿರಲಿಲ್ಲ. ಟ್ರ್ಯಾಕ್ ಬಾರ್‌ನ ಆಕ್ಸಲ್ ಕಡೆ ಬೆರಳಿಟ್ಟರೆ ಟಕ್, ಟಕ್. ಇಷ್ಟು ದಿನ ಕಂಡಿರಲಿಲ್ಲ, ಯಾಕೆಂದರೆ ನಾನು ಪ್ರತಿ ಸಲವೂ ಗಾಡಿ ಎತ್ತಿಯೇ ನೋಡುತ್ತಿದ್ದೆ.

ಬೋಲ್ಟ್ ಬಿಚ್ಚಿದೆ. ಹಳೆಯ 14 ಎಂಎಂ ಬೋಲ್ಟನ್ನೇ ಮತ್ತೆ ಹಾಕಿದ್ದೆ. ಹೊಸ ಬಾರ್‌ನ ತೂತು 9/16 ಇಂಚು, ಅಂದರೆ 14.3 ಎಂಎಂ ಹತ್ತಿರ. ಅಷ್ಟರಲ್ಲೇ ಆಟವಾಡಿ ಆಡಿ ಬ್ರ್ಯಾಕೆಟ್ ತೂತು ಮೊಟ್ಟೆಯಾಕಾರ ಆಗಿದೆ. ಸುತ್ತ ಪೇಂಟ್ ಹೋಗಿ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಬುಷ್ ರಬ್ಬರ್ ಕೂಡ ಒಂದು ಕಡೆ ಹರಿದಿದೆ.

ಹಳೇ ಸ್ಪ್ಯಾನರ್:

ಬುಷ್ ಹರಿದದ್ದು ಬೇರೆ ಕಾರಣಕ್ಕೆ ಇರಬೇಕು. ಲಿಫ್ಟ್ ದಿನ ಆಕ್ಸಲ್ ನೇತಾಡುತ್ತಿರುವಾಗಲೇ ಬಿಗಿ ಮಾಡಿದಿರಾ? ಹಾಗೆ ಮಾಡಿದರೆ ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಭಾರ ನೆಲಕ್ಕೆ ಬಿದ್ದ ಮೇಲೆ ಬಿಗಿ ಮಾಡಬೇಕು, ಟಾರ್ಕ್ ರೆಂಚ್‌ನಲ್ಲಿ, ಮ್ಯಾನ್ಯುಯಲ್‌ನಲ್ಲಿರುವಷ್ಟು. ಮೊಟ್ಟೆಯಾದ ತೂತಿಗೆ ಬರೀ ದಪ್ಪ ಬೋಲ್ಟ್ ಸಾಲದು. ಎರಡೂ ಬದಿಗೆ ಸರಿಯಾದ ಅಳತೆಯ ತೂತಿರುವ ದಪ್ಪ ಪ್ಲೇಟ್ ವೆಲ್ಡ್ ಮಾಡಿಸಿ.

ಕೆಸರುಗಾಲಿ:

ಹೌದು, ಜ್ಯಾಕ್ ಮೇಲೆಯೇ ಬಿಗಿ ಮಾಡಿದ್ದೆ. ನಿಮಗೆ ಹೇಗೆ ಗೊತ್ತಾಯಿತೋ.

ಪ್ಲೇಟ್ ವೆಲ್ಡ್ ಆಯಿತು, ಹೊಸ ಬುಷ್, 9/16 ಬೋಲ್ಟ್. ಅದೇ ಸೇತುವೆ ಮೇಲೆ 50ರಲ್ಲಿ ಹೋದೆ, 60, 70, ಕೊನೆಗೆ 80. ದಡ್ ಅಂತ ಒಂದು ಸದ್ದು, ಅಷ್ಟೇ. ಕೈ ಮಾತ್ರ ನನ್ನದೇ ನಡುಗುತ್ತಿತ್ತು. ಹೊಸ ಡ್ಯಾಂಪರ್ ಈಗಲೇ ಎಣ್ಣೆ ಸೋರುತ್ತಿದೆ, ಪಾಪ. ಸ್ಟೀರಿಂಗ್ ಸ್ವಲ್ಪ ಬಲಕ್ಕೆ ವಾಲಿ ನಿಲ್ಲುತ್ತಿದೆ, ಡ್ರ್ಯಾಗ್ ಲಿಂಕ್ ತಿರುಗಿಸಿ ನೇರ ಮಾಡುತ್ತೇನೆ.

ಹಳೇ ಸ್ಪ್ಯಾನರ್:

ಸಂತೋಷ. ಚಾಸಿ ಕಡೆಯ ಬೋಲ್ಟ್ ಬಿಚ್ಚಿ ನೋಡಿದಿರಾ? ಅದೂ ಅದೇ ದಿನ, ಅದೇ ಜ್ಯಾಕ್ ಮೇಲೆ ಹಾಕಿದ್ದಲ್ವಾ?

ಕೆಸರುಗಾಲಿ:

ಇಲ್ಲ. ಸಂಜೆ ತಮ್ಮ ಬರಲಿ.